300 ಲೀಟರಿನ ಡಿಕ್ಕಿಯಲ್ಲಿ 60 ಲೀಟರಿನ ಗಾಲ್ಫ್ ಬ್ಯಾಗ್ ಯಾಕೆ ಹಿಡಿಸುವುದಿಲ್ಲ?

ಆಯುಧಪೂಜೆ ಹತ್ತಿರ ಬಂದರೆ ಸಾಕು, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾರುಗಳ ಪಟ್ಟಿ ತಿರುಗಾಡಲು ಶುರುವಾಗುತ್ತದೆ. ಯಾವ ಕಾರಿಗೆ ಎಷ್ಟು ಮೈಲೇಜ್, ಎಷ್ಟು ಏರ್‌ಬ್ಯಾಗ್, ಎಷ್ಟು ಲೀಟರ್ ‘ಬೂಟ್ ಸ್ಪೇಸ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಡಿಕ್ಕಿಯ ಜಾಗ. ಮೈಲೇಜಿನ ಅಂಕಿಯನ್ನು ಯಾರೂ ಪೂರ್ತಿ ನಂಬುವುದಿಲ್ಲ, ‘ಕಂಪನಿ ಹೇಳೋದು ಬೇರೆ, ರೋಡಲ್ಲಿ ಬರೋದು ಬೇರೆ’ ಎಂದು ಎಲ್ಲರಿಗೂ ಗೊತ್ತು. ಆದರೆ ಡಿಕ್ಕಿಯ ಲೀಟರನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತೇವೆ. ಲೀಟರ್ ಹೆಚ್ಚಿದ್ದರೆ ಸಾಮಾನು ಹೆಚ್ಚು ಹಿಡಿಸುತ್ತದೆ, ಅದರಲ್ಲಿ ಅನುಮಾನವೇನು ಎಂಬ ಧೋರಣೆ.

ಅನುಮಾನ ಇದೆ. ಅದನ್ನು ಅರ್ಥ ಮಾಡಿಕೊಳ್ಳಲು ಗಾಲ್ಫ್ ಬ್ಯಾಗಿನಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ‘ನಾವೇನು ಗಾಲ್ಫ್ ಆಡುತ್ತೇವೆಯೇ’ ಎಂದು ಇಲ್ಲಿಗೇ ಬಿಟ್ಟು ಹೋಗಬೇಡಿ. ಮನೆಯಲ್ಲಿ ವೀಣೆ ಇದ್ದರೆ, ಮಗನ ಕ್ರಿಕೆಟ್ ಕಿಟ್ ಇದ್ದರೆ, ಅಜ್ಜಿಯ ಗಾಲಿಕುರ್ಚಿ ಇದ್ದರೆ ಈ ಲೆಕ್ಕ ನಿಮಗೂ ಬೇಕು.

ಅಂದಹಾಗೆ, ಗಾಲ್ಫ್ ಎಂದ ಕೂಡಲೇ ಇನ್ನೊಂದು ಫಾರ್ವರ್ಡ್ ನೆನಪಾಗುತ್ತದೆ. ಆ ಪದವು ‘ಜಂಟಲ್‌ಮನ್ ಓನ್ಲಿ, ಲೇಡೀಸ್ ಫರ್ಬಿಡನ್’ ಎಂಬುದರ ಮೊದಲಕ್ಷರಗಳಿಂದ ಬಂದಿದೆ, ಅಂದರೆ ಹೆಂಗಸರಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನಿಂದ ಹುಟ್ಟಿದೆ ಎನ್ನುವ ಕತೆ ಅದು. ಸುಳ್ಳು. 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು, ಜನ ಬಿಲ್ವಿದ್ಯೆ ಮರೆಯುತ್ತಿದ್ದಾರೆಂದು ಫುಟ್‌ಬಾಲ್ ಜೊತೆಗೆ ಗಾಲ್ಫನ್ನೂ ನಿಷೇಧಿಸಿದ ದಾಖಲೆಯಲ್ಲೇ ಈ ಪದ ಇದೆ. ಮೊದಲಕ್ಷರ ಕೂಡಿಸಿ ಪದ ಕಟ್ಟುವ ಚಾಳಿ ಇಂಗ್ಲಿಷಿನಲ್ಲಿ ವ್ಯಾಪಕವಾದದ್ದು 20ನೇ ಶತಮಾನದಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಫೋಟೊದ ಕೆಳಗೂ ಜನ ಈ ಕತೆಯನ್ನು ಅಂಟಿಸುತ್ತಾರೆ ಎನ್ನುವುದು ಬೇಸರದ ಸಂಗತಿ.

ಇರಲಿ, ಡಿಕ್ಕಿಗೆ ಬರೋಣ.

ಲೀಟರ್ ಅಳೆಯುವುದು ಹೇಗೆ?

ಡಿಕ್ಕಿಗೆ ನೀರು ತುಂಬಿಸಿ ಅಳೆಯುವುದಿಲ್ಲ. ಜರ್ಮನಿಯ ವಾಹನ ತಯಾರಕರ ಸಂಘದ ಹೆಸರಿನಲ್ಲಿ ವಿಡಿಎ ಎಂದು ಕರೆಯುವ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ಪುಟ್ಟ ತುಂಡುಗಳಿರುತ್ತವೆ. ಒಂದೊಂದೂ ಸರಿಯಾಗಿ ಒಂದು ಲೀಟರ್. ಇಟ್ಟಿಗೆಯನ್ನು ದಪ್ಪದಲ್ಲಿ ಅರ್ಧ ಸೀಳಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಈ ತುಂಡುಗಳು ಡಿಕ್ಕಿಯಲ್ಲಿ ಎಷ್ಟು ಕೂರುತ್ತವೋ ಅಷ್ಟು ಲೀಟರ್. ಈಗ ಇದನ್ನು ಕಂಪ್ಯೂಟರ್ ಮಾದರಿಯಲ್ಲೇ ಮಾಡಬಹುದು.

ಸಣ್ಣ ತುಂಡಾದ್ದರಿಂದ ಅದು ಚಕ್ರದ ಉಬ್ಬಿನ ಹಿಂದಿನ ಸಂದಿಗೂ ಹೋಗುತ್ತದೆ, ಸೀಟಿನ ಓರೆ ಬೆನ್ನಿನ ಪಕ್ಕದ ಮೂಲೆಗೂ ಹೋಗುತ್ತದೆ. ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಸೂಟ್‌ಕೇಸ್ ಆ ಸಂದಿಗಳಿಗೆ ಹೋಗುವುದಿಲ್ಲ. ಅಮೆರಿಕದ ಪದ್ಧತಿಯಲ್ಲಿ ಬೇರೆ ಬೇರೆ ಗಾತ್ರದ, ಸೂಟ್‌ಕೇಸಿನಂಥ ಪೆಟ್ಟಿಗೆಗಳನ್ನು ಇಟ್ಟು ಅಳೆಯುತ್ತಾರೆ. ಹಾಗಾಗಿ ಎರಡು ಪದ್ಧತಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ತಪ್ಪು. ಸಾಲದ್ದಕ್ಕೆ, ಹಿಂದಿನ ಸೀಟಿನ ಹಿಂಬದಿ ಹಲಗೆಯವರೆಗೆ, ಅಂದರೆ ಪಾರ್ಸೆಲ್ ಟ್ರೇವರೆಗೆ ಅಳೆದ ಅಂಕಿ ಒಂದಿದ್ದರೆ, ಚಾವಣಿವರೆಗೆ ಅಳೆದದ್ದು ಇನ್ನೊಂದು, ಸೀಟು ಮಡಚಿ ಅಳೆದದ್ದು ಮತ್ತೊಂದು. ಮಾರುತಿ ಎರ್ಟಿಗಾವನ್ನೇ ನೋಡಿ. ಮೂರೂ ಸಾಲಿನ ಸೀಟುಗಳಿದ್ದಾಗ 209 ಲೀಟರ್, ಕೊನೆಯ ಸಾಲು ಮಡಚಿದರೆ 550, ಎರಡನೆಯದನ್ನೂ ಮಡಚಿದರೆ 803. ಫಾರ್ವರ್ಡ್ ಪಟ್ಟಿಯಲ್ಲಿ ಈ ಮೂರರಲ್ಲಿ ಯಾವುದು ಕೂತಿದೆ ಎಂದು ಓದುವವನಿಗೆ ತಿಳಿಯುವುದಿಲ್ಲ.

ಅಕ್ಕಿ ಹಿಡಿಸುತ್ತದೆ, ಕಬ್ಬಿನ ಜಲ್ಲೆ ಹಿಡಿಸುವುದಿಲ್ಲ

ಲೀಟರ್ ಎನ್ನುವುದು ಘನ ಅಳತೆ. ಎಷ್ಟು ತುಂಬುತ್ತದೆ ಎಂದು ಹೇಳುತ್ತದೆಯೇ ಹೊರತು, ಎಷ್ಟು ಉದ್ದದ ವಸ್ತು ಹೋಗುತ್ತದೆ ಎಂದು ಹೇಳುವುದಿಲ್ಲ. ಮನೆಯ ಅಕ್ಕಿ ಡಬ್ಬದಲ್ಲಿ 25 ಕಿಲೊ ಅಕ್ಕಿ ಹಿಡಿಸಬಹುದು. ಅದೇ ಡಬ್ಬದೊಳಗೆ ಸಂಕ್ರಾಂತಿಯ ಒಂದು ಕಬ್ಬಿನ ಜಲ್ಲೆ ಹಾಕಿ ಮುಚ್ಚಳ ಮುಚ್ಚಿ ನೋಡೋಣ!

ಗಾಲ್ಫ್ ಬ್ಯಾಗ್ ಹೆಚ್ಚುಕಡಿಮೆ ಕಬ್ಬಿನ ಕಟ್ಟೇ. ನಿಯಮದ ಪ್ರಕಾರ ಒಬ್ಬ ಆಟಗಾರ ಹೆಚ್ಚೆಂದರೆ 14 ಕ್ಲಬ್‌ಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಒಯ್ಯಬಹುದು. ಸಾಮಾನ್ಯವಾಗಿ ಅವುಗಳಲ್ಲಿ ಉದ್ದದ್ದು ಡ್ರೈವರ್. ಅದು ಸುಮಾರು 45 ಇಂಚು, ಅಂದರೆ 115 ಸೆಂಟಿಮೀಟರ್. ಬ್ಯಾಗಿನ ತಳ ಸೇರಿಸಿದರೆ 120 ಆಗುತ್ತದೆ. ಬ್ಯಾಗಿನ ಬಾಯಿ 9ರಿಂದ 10 ಇಂಚು. 25 ಸೆಂಟಿಮೀಟರ್ ದಪ್ಪ, 120 ಸೆಂಟಿಮೀಟರ್ ಉದ್ದದ ಉರುಳೆ ಎಂದು ಹಿಡಿದರೆ ಅದರ ಘನ ಅಳತೆ 59 ಲೀಟರ್. 60 ಎಂದಿಟ್ಟುಕೊಳ್ಳಿ.

ಈಗ ಒಂದು ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ 100 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಆಳ ಇದೆ ಎಂದು ಊಹಿಸಿಕೊಳ್ಳಿ. ಅಡ್ಡ ಮಲಗಿಸಿದರೆ ಬ್ಯಾಗ್ ಹೋಗುವುದಿಲ್ಲ, 20 ಸೆಂಟಿಮೀಟರ್ ಹೆಚ್ಚಾಯಿತು. ಮೂಲೆಯಿಂದ ಮೂಲೆಗೆ ಇಟ್ಟರೆ? ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯದ ಪ್ರಕಾರ ಕರ್ಣ 122 ಸೆಂಟಿಮೀಟರ್. ಆಹಾ, ಹಿಡಿಸಿತು ಎನಿಸುತ್ತದೆ. ನಾವೂ ಮೊದಲು ಹಾಗೆಯೇ ಬರೆದುಕೊಂಡಿದ್ದೆವು. ಆದರೆ ಕರ್ಣ ಎನ್ನುವುದು ದಪ್ಪವೇ ಇಲ್ಲದ ಒಂದು ಗೆರೆ. ಬ್ಯಾಗಿಗೆ 25 ಸೆಂಟಿಮೀಟರ್ ದಪ್ಪ ಇದೆ, ಮೂಲೆಯ ಮೊನೆಯವರೆಗೆ ಅದು ತಲುಪುವುದೇ ಇಲ್ಲ. ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ಜಾಗದಲ್ಲಿ ಓರೆಯಾಗಿ ಮಲಗುವ ವಸ್ತುವಿನ ಉದ್ದ ಸುಮಾರು 100 ಸೆಂಟಿಮೀಟರಿಗೇ ನಿಂತುಬಿಡುತ್ತದೆ. ಓರೆ ಇಟ್ಟಿದ್ದಕ್ಕೆ ಬಂದ ಲಾಭ ಬಹುತೇಕ ಸೊನ್ನೆ!

ಗಾಲ್ಫ್ ಆಡುವವರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಡ್ರೈವರ್ ಮತ್ತು ಉದ್ದನೆಯ ಎರಡು ಮೂರು ಕ್ಲಬ್‌ಗಳನ್ನು ಹೊರತೆಗೆದು ಬೇರೆಯಾಗಿ ಇಡುತ್ತಾರೆ. ಉಳಿದ ಕಬ್ಬಿಣದ ಕ್ಲಬ್‌ಗಳಲ್ಲಿ 5 ನಂಬರಿನದು ಸುಮಾರು 38 ಇಂಚು, ಅಂದರೆ 97 ಸೆಂಟಿಮೀಟರ್. ಆಗ ಬ್ಯಾಗ್ ತಿಣುಕಾಡಿ ಒಳಗೆ ಕೂರುತ್ತದೆ.

ಜಪಾನಿನಲ್ಲಿ ಈ ತೊಂದರೆ ಎಷ್ಟು ಸಾಮಾನ್ಯವೆಂದರೆ, ಅಲ್ಲಿನ ಹಲವು ಕಾರುಗಳ ಕರಪತ್ರಗಳಲ್ಲಿ ಡಿಕ್ಕಿಯಲ್ಲಿ ಎಷ್ಟು ಗಾಲ್ಫ್ ಬ್ಯಾಗ್ ಹಿಡಿಸುತ್ತವೆ ಎಂದೇ ಮುದ್ರಿಸುತ್ತಾರೆ. ಕೆಲವು ಕಾರುಗಳಲ್ಲಿ ಚಕ್ರದ ಉಬ್ಬಿನ ಹಿಂದೆ, ಹಿಂಬಾಗಿಲಿನ ಪಕ್ಕದ ಗೋಡೆಗಳನ್ನು ಒಳಕ್ಕೆ ಕೊರೆದು ಕೆಲವು ಇಂಚು ಅಗಲ ಹೆಚ್ಚಿಸಿರುತ್ತಾರೆ. ಲೀಟರಿನಲ್ಲಿ ಅದು ಐದಾರೂ ಆಗಲಿಕ್ಕಿಲ್ಲ, ಆದರೆ ಬ್ಯಾಗ್ ಹೋಗುವುದೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ನಮ್ಮಲ್ಲಿ 1876ರಷ್ಟು ಹಿಂದೆಯೇ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದರೂ ಕಾರಿನ ಜಾಹೀರಾತಿನಲ್ಲಿ ಇಂಥ ಮಾತು ಕಾಣುವುದು ಅಪರೂಪ.

ಇಲ್ಲಿನ ಎರಡು ಕಾರುಗಳನ್ನು ಹೋಲಿಸಿ ನೋಡಿ. ವ್ಯಾಗನ್ಆರ್ ಡಿಕ್ಕಿ 341 ಲೀಟರ್, ಬಲೆನೊದ್ದು 318. ಪಟ್ಟಿ ನೋಡಿದರೆ ವ್ಯಾಗನ್ಆರ್ ಗೆದ್ದಿತು. ಆದರೆ ವ್ಯಾಗನ್ಆರ್ ಕಾರಿನ ಹೊರ ಅಗಲ 1620 ಮಿಲಿಮೀಟರ್, ಬಲೆನೊ 1745. ಸುಮಾರು ಐದು ಇಂಚಿನ ವ್ಯತ್ಯಾಸ. ವ್ಯಾಗನ್ಆರ್ ಎತ್ತರದ ಕಾರು, ಅದರ ಲೀಟರ್ ಬಂದಿರುವುದು ಎತ್ತರದಿಂದ. ಉದ್ದದ ವಸ್ತುವನ್ನು ಅಡ್ಡ ಮಲಗಿಸಬೇಕೆಂದರೆ ಅಗಲ ಬೇಕು, ಎತ್ತರದಿಂದ ಹೆಚ್ಚು ಪ್ರಯೋಜನವಿಲ್ಲ.

ಗಾಲಿಕುರ್ಚಿಯ ಕತೆ ಉಲ್ಟಾ

ಮಡಚುವ ಗಾಲಿಕುರ್ಚಿ ಸಾಮಾನ್ಯವಾಗಿ 90 ಸೆಂಟಿಮೀಟರ್ ಎತ್ತರ, ಒಂದು ಮೀಟರ್ ಉದ್ದ ಇರುತ್ತದೆ. ಮಡಚಿದಾಗ 30 ಸೆಂಟಿಮೀಟರ್ ದಪ್ಪ. ಗುಣಿಸಿದರೆ 270 ಲೀಟರ್ ಜಾಗ ಬೇಡುತ್ತದೆ. ಸ್ವಿಫ್ಟ್ ಕಾರಿನ ಇಡೀ ಡಿಕ್ಕಿಯೇ 265 ಲೀಟರ್. ಮಲಗಿಸಿದರೆ ಆಳ ಸಾಲುವುದಿಲ್ಲ, ನಿಲ್ಲಿಸಿದರೆ ಪಾರ್ಸೆಲ್ ಟ್ರೇ ತಾಗುತ್ತದೆ. ಟ್ರೇ ತೆಗೆದು, ಕಾಲಿಡುವ ಭಾಗ ಕಳಚಿ, ಸ್ವಲ್ಪ ಓರೆ ಮಾಡಿ ನಿಲ್ಲಿಸಬೇಕು. ಇಲ್ಲಿ ಎತ್ತರದ ಡಿಕ್ಕಿ ನೆರವಿಗೆ ಬರುತ್ತದೆ. ಗಾಲ್ಫ್ ಬ್ಯಾಗಿಗೆ ಒಗ್ಗದ ಕಾರು ಅಜ್ಜಿಗೆ ಒಗ್ಗಬಹುದು. ಸೆಡಾನ್ ಕಾರುಗಳಲ್ಲಿ ಇನ್ನೊಂದು ಪೇಚು ಇದೆ. ಡಿಕ್ಕಿ ಒಳಗೆ ದೊಡ್ಡದಿದ್ದರೂ ಅದರ ಬಾಯಿ ಚಿಕ್ಕದು. ಹೋಂಡಾ ಸಿಟಿಯ 506 ಲೀಟರ್, ವರ್ಟಸ್‌ನ 521 ಲೀಟರ್ ನಿಜವೇ. ಆದರೆ ಬಾಯಿಯ ಅಳತೆ ಕರಪತ್ರದಲ್ಲಿ ಇರುವುದಿಲ್ಲ.

ಗಾಲಿಕುರ್ಚಿ ಇರುವ ಮನೆಯವರು ಎಲ್ಲಕ್ಕಿಂತ ಹೆಚ್ಚು ಎಚ್ಚರವಹಿಸಬೇಕಾದದ್ದು ಸಿಎನ್‌ಜಿ ಕಾರಿನ ವಿಷಯದಲ್ಲಿ. ಕಿಲೋಮೀಟರಿಗೆ ಖರ್ಚು ಕಡಿಮೆ ಎಂದು ಬುಕ್ ಮಾಡಿ, ಗಾಡಿ ಮನೆಗೆ ಬಂದ ದಿನ ಡಿಕ್ಕಿ ತೆರೆದು ಕಂಗಾಲಾಗುವುದುಂಟು. ಸಾಮಾನ್ಯವಾಗಿ ಬರುವ 60 ಲೀಟರ್ ಸಿಲಿಂಡರ್ 60 ಲೀಟರ್ ಜಾಗವನ್ನಷ್ಟೇ ತಿನ್ನುವುದಿಲ್ಲ. 200 ಬಾರ್ ಒತ್ತಡ ತಡೆಯಲು ಅದರ ಗೋಡೆ ದಪ್ಪಗಿರಬೇಕು, ಅದನ್ನು ಹಿಡಿದಿಡಲು ಚೌಕಟ್ಟು ಬೇಕು, ಮೇಲಾಗಿ ಉರುಟು ಆಕಾರದಿಂದಾಗಿ ಸುತ್ತಲಿನ ಮೂಲೆಗಳೂ ವ್ಯರ್ಥ. ಟಾಟಾ 2023ರಲ್ಲಿ ಆಲ್ಟ್ರೋಜ್ ಕಾರಿಗೆ ತಲಾ 30 ಲೀಟರಿನ ಎರಡು ಸಣ್ಣ ಸಿಲಿಂಡರುಗಳನ್ನು ನೆಲದಡಿ ಕೂರಿಸಿತು. ಅಷ್ಟು ಮಾಡಿದರೂ 345 ಲೀಟರಿನ ಡಿಕ್ಕಿ 210ಕ್ಕೆ ಇಳಿಯಿತು. ಆದರೆ ನೆಲ ಸಮತಟ್ಟಾಗಿ ಉಳಿಯಿತು, ಅದು ಸಣ್ಣ ಉಪಕಾರವಲ್ಲ. ಫಾರ್ವರ್ಡ್ ಪಟ್ಟಿಗಳಲ್ಲಿ ಸಿಎನ್‌ಜಿ ಕಾರಿನ ಮುಂದೆಯೂ ಪೆಟ್ರೋಲ್ ಕಾರಿನ ಲೀಟರನ್ನೇ ಬರೆದಿರುವುದು ತೀರಾ ಸಾಮಾನ್ಯ.

ಡಿಕ್ಕಿಯನ್ನು ಕತ್ತರಿಸಿದ ತೆರಿಗೆ

ನಮ್ಮ ದೇಶದಲ್ಲಿ ಡಿಕ್ಕಿ ಇಷ್ಟೇ ಏಕೆ ಎಂಬುದಕ್ಕೆ ಎಂಜಿನಿಯರಿಂಗ್ ಅಲ್ಲದ ಕಾರಣವೊಂದಿದೆ. 2006ರಿಂದ 4 ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲೂ ಆ ಗೆರೆ ಉಳಿದಿದೆ: ಗೆರೆಯ ಒಳಗಿದ್ದರೆ ಶೇ. 18, ಹೊರಗಿದ್ದರೆ ಶೇ. 40. ಮಾರುತಿ ಡಿಸೈರ್ 2008ರಲ್ಲಿ ಬಂದಾಗ 4160 ಮಿಲಿಮೀಟರ್ ಉದ್ದ, 440 ಲೀಟರ್ ಡಿಕ್ಕಿ ಇತ್ತು. 2012ರ ಡಿಸೈರ್ ಉದ್ದ 3995 ಮಿಲಿಮೀಟರ್. ಡಿಕ್ಕಿ 316 ಲೀಟರ್. ಬಾಲ ಕತ್ತರಿಸಿದ್ದು ಎಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಎಸ್‌ಯುವಿ ಎಂದು ಮಾರುವ ಹಲವು ಗಾಡಿಗಳೂ ಇದೇ 4 ಮೀಟರಿನೊಳಗೆ ಇರುವಂಥವು. ಹೊರಗೆ ಎತ್ತರ, ದಪ್ಪ ಬಂಪರ್. ಡಿಕ್ಕಿಯ ಆಳ ಮಾತ್ರ ಹ್ಯಾಚ್‌ಬ್ಯಾಕಿನಷ್ಟೇ ಇರಬಹುದು.

ಸೀಟು ಮಡಚಿದರೆ ಆಯಿತಲ್ಲ?

ಆಗುತ್ತದೆ, ಆದರೆ ಕಟ್ಟಬೇಕು. ಕ್ಲಬ್‌ಗಳಿರುವ ಬ್ಯಾಗ್ 12ರಿಂದ 15 ಕಿಲೊ ಇರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು (ಇದು ಬೇರೆ ಡಿಕ್ಕಿ) ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಒಳಗಿನ ವಸ್ತುಗಳ ಮೇಲೆ ಗುರುತ್ವಕ್ಕಿಂತ 14 ಪಟ್ಟು ಬಲ ಬೀಳುತ್ತದೆ. 15 ಕಿಲೊ ಬ್ಯಾಗ್ ತನ್ನನ್ನು ತಡೆಯುವ ಯಾವುದೇ ವಸ್ತುವಿನ ಮೇಲೆ 210 ಕಿಲೊ ತೂಕ ಹೇರಿದಂತೆ. ಸೀಟು ಮಡಚಿದ ಮೇಲೆ ಆ ವಸ್ತು ಮುಂದಿನ ಸೀಟಿನಲ್ಲಿ ಕೂತವರ ಬೆನ್ನು ಅಥವಾ ಕತ್ತು. ಬ್ಯಾಗಿನ ಪಟ್ಟಿಯೊಳಗೆ ಸೀಟ್‌ಬೆಲ್ಟ್ ತೂರಿಸಿ ಬಿಗಿಯುವುದು, ಅಥವಾ ಡಿಕ್ಕಿಯ ಕೊಂಡಿಗಳಿಗೆ ಹಗ್ಗ ಕಟ್ಟುವುದು ಎರಡು ನಿಮಿಷದ ಕೆಲಸ. ಮಡಚಿದ ಸೀಟನ್ನು ವಾಪಸ್ ಎತ್ತಿದಾಗ ‘ಟಕ್’ ಎಂದು ಕೂತಿತೇ ಎಂದೂ ನೋಡಿ. ಗಾಲಿಕುರ್ಚಿ ಇನ್ನೂ ಭಾರ, ಅಂಚೂ ಹರಿತ.

ಮೈಲೇಜ್ ಬಿದ್ದುಹೋಗುತ್ತದೆ ಎಂಬ ಭಯಕ್ಕೆ ಅರ್ಥವಿಲ್ಲ. ಅಮೆರಿಕ ಸರ್ಕಾರದ ಅಂದಾಜಿನಂತೆ 45 ಕಿಲೊ ಹೆಚ್ಚುವರಿ ತೂಕಕ್ಕೆ ಮೈಲೇಜ್ ಸುಮಾರು ಶೇ. 1ರಷ್ಟು ಕುಸಿಯುತ್ತದೆ, ಬ್ಯಾಗ್ ಅದರ ಮೂರನೇ ಒಂದು ಭಾಗ. ಅದೇ ಬ್ಯಾಗನ್ನು ಚಾವಣಿಯ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟರೆ ಗಾಳಿಯ ತಡೆಯಿಂದಾಗಿ ಹೆದ್ದಾರಿಯಲ್ಲಿ ಶೇ. 6ರಿಂದ 17ರವರೆಗೆ ಕುಸಿಯಬಹುದು.

ಶೋರೂಮಿಗೆ ಹೋಗುವಾಗ ದರ್ಜಿಯ ಟೇಪು ಒಯ್ಯಿರಿ. ಹಿಂಬಾಗಿಲಿನ ಪಕ್ಕದ ಅಗಲ, ಚಕ್ರದ ಉಬ್ಬುಗಳ ನಡುವಿನ ಅಗಲ, ನೆಲದಲ್ಲಿ ಆಳ, ಟ್ರೇ ಮಟ್ಟದಲ್ಲಿ ಆಳ (ಸೀಟಿನ ಬೆನ್ನು ಓರೆಯಾಗಿರುವುದರಿಂದ ಎರಡೂ ಒಂದೇ ಅಲ್ಲ), ಬಾಯಿಯ ಅಗಲ ಮತ್ತು ಎತ್ತರ ಬರೆದುಕೊಳ್ಳಿ. ನೀವು ಕೊಳ್ಳುವ ಮಾದರಿಯನ್ನೇ ಅಳೆಯಿರಿ, ಸಿಎನ್‌ಜಿ ಬೇಕಿದ್ದರೆ ಸಿಎನ್‌ಜಿ ಗಾಡಿಯನ್ನೇ ತೆರೆಸಿ. ಇದಕ್ಕಿಂತ ಒಳ್ಳೆಯದು ವಸ್ತುವನ್ನೇ ಒಯ್ಯುವುದು. ಟೆಸ್ಟ್ ಡ್ರೈವ್‌ಗೆ ಗಾಲಿಕುರ್ಚಿ ಅಥವಾ ಗಾಲ್ಫ್ ಬ್ಯಾಗ್ ತಂದವರನ್ನು ಸೇಲ್ಸ್‌ನವರು ಮೊದಲು ವಿಚಿತ್ರವಾಗಿ ನೋಡಬಹುದು, ಆಮೇಲೆ ಅವರೇ ಟ್ರೇ ಕಳಚಿ ಕೊಡುತ್ತಾರೆ. ಒಯ್ಯಲು ಆಗದಿದ್ದರೆ ಅಷ್ಟೇ ಉದ್ದ, ಅಗಲ, ದಪ್ಪದ ರಟ್ಟಿನ ಪೆಟ್ಟಿಗೆಯಾದರೂ ಇರಲಿ. ಫ್ರಿಜ್ ಬಂದ ಪೆಟ್ಟಿಗೆಯನ್ನು ಕತ್ತರಿಸಿ ಅಂಟಿಸಿದರೆ ಗಾಲಿಕುರ್ಚಿಯ ಗಾತ್ರದ್ದು ಸಿದ್ಧವಾಗುತ್ತದೆ.