ನೂರು ಕುಳಿ, ಒಂದೂ ಕಂಬವಿಲ್ಲ

ಎಮ್ಮಿಗನೂರು, ಕಂಪ್ಲಿ ಕಡೆಯಿಂದ ಹಂಪಿಗೆ ಹೋಗುವ ವಿದ್ಯಾರ್ಥಿಗಳು ಕಲ್ಲಿನ ರಥವನ್ನು ನೋಡದೆ ಹಿಂದಿರುಗುವುದಿಲ್ಲ. ಮಹಾನವಮಿ ದಿಬ್ಬದ ಪಶ್ಚಿಮಕ್ಕಿರುವ ಅರಸನ ಸಭಾಮಂಟಪದಲ್ಲಿ ನಿಲ್ಲುವವರು ಕಡಿಮೆ. ಅಲ್ಲಿ ಕಂಬಗಳಿಲ್ಲ. ಸಾಲಿಗೆ ಹತ್ತರಂತೆ ನೂರು ಕಂಬಗಳನ್ನು ನಿಲ್ಲಿಸಿದ್ದ ಕಲ್ಲಿನ ಕುಳಿಗಳಷ್ಟೇ ಇವೆ. ಕಂಬಗಳು ಮರದವು. ಪಕ್ಕದ ಕಲ್ಲಿನ ಮೆಟ್ಟಿಲುಗಳು ಈಗಿಲ್ಲದ ಮಹಡಿಯೊಂದರತ್ತ ಏರುತ್ತವೆ.

ವಿಜಯನಗರದಲ್ಲಿ ದೇವರಿಗೆ ಕಲ್ಲು, ಅರಸನಿಗೆ ಮರ. ಅರಮನೆಗಳ ಜಗತಿ ಕಲ್ಲಿನದು. ಮೇಲಿನದು ಬಹುಮಟ್ಟಿಗೆ ಮರ, ಇಟ್ಟಿಗೆ, ಗಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಗುಲಾಬಿ, ತಾವರೆಗಳನ್ನು ಕೆತ್ತಿದ ದಂತದ ಕೋಣೆಯೊಂದನ್ನು ವರ್ಣಿಸಿದ್ದಾನೆ. 1565ರ ಯುದ್ಧದ ನಂತರ ಅದಾವುದೂ ಉಳಿಯಲಿಲ್ಲ. ನಾವಿಂದು ಹಂಪಿಯೆನ್ನುವುದು ಅರ್ಧ ಹಂಪಿ.

ಮರ ಬಾಳದೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ನಾರ್ವೆ ದೇಶದ ಬೋರ್ಗುಂಡ್‌ನಲ್ಲಿ 1180ರ ಸುಮಾರಿನ ಮರದ ಚರ್ಚು ಇಂದಿಗೂ ನಿಂತಿದೆ. ಮೊದಲು ಅಲ್ಲಿಯವರು ಕಂಬಗಳನ್ನು ನೆಲದಲ್ಲಿ ಹುಗಿಯುತ್ತಿದ್ದರು, ಬುಡ ಕೊಳೆಯುತ್ತಿತ್ತು. ಅನಂತರ ಕಲ್ಲಿನ ಮೇಲೆ ತೊಲೆಯಿಟ್ಟು, ಅದರ ಮೇಲೆ ಕಂಬ ನಿಲ್ಲಿಸಿದರು. ಹೊರಮೈಗೆ ಮರದ ಡಾಂಬರು ಬಳಿದರು, ಇಂದಿಗೂ ಬಳಿಯುತ್ತಾರೆ. ಒಳಗಿನ ಬಲಿಪೀಠ, ಪ್ರವಚನಪೀಠಗಳು ಅನಂತರದ ಕಾಲದವು. ಅಂತಹ ಮಧ್ಯಯುಗದ ಚರ್ಚುಗಳು ಆ ದೇಶದಲ್ಲಿ 28 ಉಳಿದಿವೆ. ಕಲ್ಲು ತಾನಾಗಿ ನಿಲ್ಲುತ್ತದೆ. ಮರದ ಕಟ್ಟಡಕ್ಕೆ ಬಡಗಿಯೂ ಬೇಕು, ಬಡಗಿಗೆ ಕಾಡೂ ಬೇಕು.

ನಮ್ಮಲ್ಲಿ ಪರಂಪರೆಯೆಂದರೆ ಕಲ್ಲು ಮಾತ್ರ. ವಿರೂಪಾಕ್ಷನ ತೇರು ಮರದ್ದೇ. ತೇರಿನ ಅಚ್ಚು, ಗಾಲಿಗಳಿಗೆ ಚೇಗು ಬಲಿತ ಮರ ಬೇಕು. ಚೇಗು ಬಲಿಯಲು ದಶಕಗಳೇ ಬೇಕು. ಹಂಪಿಯ ಕಲ್ಲಿಗೆ ಕಾವಲಿಟ್ಟ ನಾಡಿನಲ್ಲೇ, ಸೊಂಡೂರಿನ ದೇವದಾರಿ ಬೆಟ್ಟದ 401 ಹೆಕ್ಟೇರ್ ಅರಣ್ಯದಲ್ಲಿ ಅದಿರು ತೆಗೆಯಲು ಸುಮಾರು 99 ಸಾವಿರ ಮರ ಕಡಿಯಬೇಕಾಗುತ್ತದೆಂಬ ಸಂಗತಿ 2024ರಲ್ಲಿ ದೊಡ್ಡ ವಿವಾದವಾಯಿತು. ಕಡಿದಷ್ಟಕ್ಕೆ ಬದಲಾಗಿ ಬೇರೆಡೆ ಸಸಿ ನೆಡುವ ಮಾತು ಇಂತಹ ಸಂದರ್ಭದಲ್ಲಿ ತಪ್ಪದೆ ಕೇಳಿಬರುತ್ತದೆ. ಸಸಿಯಲ್ಲಿ ಚೇಗಿರುವುದಿಲ್ಲ. ಮರಗಳ ಲೆಕ್ಕ ಬರೆಯುವವರು ಸಂಖ್ಯೆಯ ಪಕ್ಕದಲ್ಲಿ ಜಾತಿ, ವಯಸ್ಸು, ಸುತ್ತಳತೆಯನ್ನೂ ಬರೆದು ಗ್ರಾಮಸಭೆಯ ಮುಂದಿಡಲಿ.