ಕೇಳಿದ್ದು ಎಷ್ಟು, ಒಪ್ಪಿದ್ದು ಎಷ್ಟು?

ರೋಗದ ಬಗೆಗಿನ ಎಚ್ಚರಿಕೆ ಕಿವಿಗೆ ಬಿದ್ದರೆ ಸಾಲದು, ಅದು ಮನಸ್ಸಿಗೂ ಒಪ್ಪಿಗೆಯಾಗಬೇಕು. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ, ‘ಇದಕ್ಕೆ ಮದ್ದಿಲ್ಲ’ ಎಂದು ಸಾರಲಾಯಿತು. ಮದ್ದಿಲ್ಲದ ಮೇಲೆ ಆಸ್ಪತ್ರೆ ಏಕೆಂದು ಹಲವರು ರೋಗಿಗಳನ್ನು ಮನೆಯಲ್ಲೇ ಇರಿಸಿಕೊಂಡರು. ಮೃತದೇಹ ಮುಟ್ಟಬಾರದೆಂದು ತಿಳಿದಿದ್ದವರೂ ಮಯ್ಯಿತ್‌ಗೆ ಸ್ನಾನ ಮಾಡಿಸಿದರು.

ಎಷ್ಟು ಮಂದಿಗೆ ವಿಷಯ ಗೊತ್ತಿದೆಯೆಂಬ ಲೆಕ್ಕವನ್ನು ಪ್ರಶ್ನಾವಳಿಯ ಸಮೀಕ್ಷೆ ಕೊಡುತ್ತದೆ. ಗೊತ್ತಿದ್ದೂ ಏಕೆ ಪಾಲಿಸುವುದಿಲ್ಲ ಎಂಬುದು ತಿಳಿಯಲು ಮನೆಯವರೊಂದಿಗೆ, ಇಮಾಮರೊಂದಿಗೆ ಕುಳಿತು ಅವರ ಮಾತು ಕೇಳಬೇಕು. ಹಾಗೆ ಕೇಳಿದಾಗ ತಿಳಿದದ್ದು ಇದು: ಗುಸ್ಲ್, ಕಫನ್ ಇಲ್ಲದೆ ತಮ್ಮವರನ್ನು ಬೀಳ್ಕೊಡಲು ಅವರಿಗೆ ಮನಸ್ಸಿರಲಿಲ್ಲ. ಅದೇ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೀರಿನ ಸ್ನಾನದ ಬದಲು ತಯಮ್ಮುಮ್‌ಗೆ, ಜೊತೆಗೆ ಕಫನ್‌ಗೆ ಅವಕಾಶವಿರುವ ದಫನ ಕ್ರಮವನ್ನು ಪ್ರಕಟಿಸಿತು.

ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಸುಮ್ಮನೆ ತಲೆಯಾಡಿಸಿ ಕಳುಹಿಸಬೇಡಿ. ಮನಸ್ಸಿನಲ್ಲಿರುವ ಸಂಶಯವನ್ನು ಹೇಳಿ. ಹೇಳದ ಸಂಶಯಕ್ಕೆ ಯಾರೂ ಉತ್ತರ ಕೊಡಲಾರರು.