ದಾಖಲೆಯಿಲ್ಲದ ಕಾಡು ಖಾಲಿ ಕಾಡಲ್ಲ

ಮಲೆನಾಡಿನಲ್ಲಿ ಅಣೆಕಟ್ಟು, ಗಣಿ ಅಥವಾ ಹೆದ್ದಾರಿಯ ಪ್ರಸ್ತಾವ ಬಂದಾಗಲೆಲ್ಲ ಅದರ ಸುತ್ತಲಿನ ಜೀವಸಂಕುಲದ ಪಟ್ಟಿಯೊಂದು ಸಿದ್ಧವಾಗುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅರ್ಜಿ ನಮೂನೆಯು ಯೋಜನೆಯ ಗಡಿಯಿಂದ 15 ಕಿ.ಮೀ. ವೈಮಾನಿಕ ಅಂತರದೊಳಗಿನ ಸೂಕ್ಷ್ಮ ಪ್ರದೇಶಗಳ ವಿವರವನ್ನು ಕೇಳಿತು. ಇಂಥ ವಿವರಕ್ಕೆ ಇಂದು ಕಾಡು ಸುತ್ತುವುದಕ್ಕಿಂತ ಗಣಕಯಂತ್ರದ ಮುಂದೆ ಕೂರುವುದು ಸುಲಭ. ಜಿಬಿಐಎಫ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಂತಹ ಮಾಹಿತಿಕೋಶಗಳಿಗೆ ಒಂದು ಸ್ಥಳವನ್ನು ತೋರಿಸಿ ಕೇಳಿದರೆ ಸುತ್ತಲಿನ ಸಸ್ಯ, ಪ್ರಾಣಿಗಳ ದಾಖಲೆಗಳು ಕ್ಷಣದಲ್ಲಿ ತೆರೆದುಕೊಳ್ಳುತ್ತವೆ.

ಸಾಮಾನ್ಯ ಜನರ ಕೈಗೂ ಎಟುಕಿರುವ ಈ ಸಾಧನ ಸ್ವಾಗತಾರ್ಹ. ಆದರೆ ಅದು ಹೇಳುವುದು ದಾಖಲೆಗಳ ಕತೆಯನ್ನು, ಕಾಡಿನ ಕತೆಯನ್ನಲ್ಲ. 'ಯಾವುದೂ ದೊರೆಯಲಿಲ್ಲ' ಎಂಬ ಉತ್ತರವನ್ನು 'ಅಲ್ಲಿ ಏನೂ ಇಲ್ಲ' ಎಂದು ಓದುವುದು ಅಪಾಯಕಾರಿ.

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನನ್ನೇ ನೋಡಬಹುದು. ಅಲ್ಲಿನ ಜೌಗುಕಾಡಿನಲ್ಲಿ ಬೆಳೆಯುವ ಗೇರು ಕುಟುಂಬದ ಮರವೊಂದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ವೈಜ್ಞಾನಿಕ ನಾಮಕರಣವಾದದ್ದು 2000ರಲ್ಲಿ. ಅದಕ್ಕೆ ಮೊದಲು ಯಾವ ಮಾಹಿತಿಕೋಶವನ್ನು ಕೇಳಿದ್ದರೂ ಆ ಹೆಸರು ಬರುತ್ತಿರಲಿಲ್ಲ. ಮರ ಮಾತ್ರ ಅಲ್ಲಿಯೇ ಇತ್ತು.

ಹುಡುಕಾಟದ ಕ್ರಮದಲ್ಲಿಯೂ ತೊಡಕುಗಳಿವೆ. ಜಿಲ್ಲೆಯ ಹೆಸರನ್ನಷ್ಟೇ ಹೊತ್ತ ಹಳೆಯ ಸಸ್ಯ ಮಾದರಿಗೆ ಅಕ್ಷಾಂಶ, ರೇಖಾಂಶಗಳಿಲ್ಲದಿದ್ದರೆ ಅದು ನಕ್ಷೆಯ ಶೋಧಕ್ಕೆ ಸಿಗುವುದೇ ಇಲ್ಲ. ದಶಮಾಂಶದ ನಂತರ ಎರಡೇ ಅಂಕೆಗಳಿದ್ದರೆ ಸ್ಥಾನದ ನಿಖರತೆ ಸುಮಾರು ಒಂದು ಕಿಲೋಮೀಟರಿನಷ್ಟು. ಹಳ್ಳದಂಚಿನ ಕಿರಿದಾದ ಜೌಗನ್ನು ಗುರುತಿಸಲು ಅದು ಸಾಲದು. ಕಳ್ಳಬೇಟೆಯ ಭಯದಿಂದ ಐ-ನ್ಯಾಚುರಲಿಸ್ಟ್ ಅಪಾಯದಂಚಿನ ಜೀವಿಗಳ ನೆಲೆಯನ್ನು 0.2 ಡಿಗ್ರಿ ಚೌಕದೊಳಗೆ ಮರೆಮಾಡುತ್ತದೆ. ನಮ್ಮ ಸೀಮೆಯಲ್ಲಿ ಆ ಚೌಕದ ಬದಿ ಸುಮಾರು 22 ಕಿ.ಮೀ. ಹೀಗಾಗಿ ಐದು ಕಿ.ಮೀ. ವೃತ್ತದೊಳಗಿನ ಜೀವಿ ಹೊರಗೆ ಕಾಣಬಹುದು, ಹೊರಗಿನದು ಒಳಗೆ ಕಾಣಬಹುದು. ಮೇಲಾಗಿ ವೃತ್ತಕ್ಕೆ ಘಟ್ಟದ ಏರಿಳಿತ ತಿಳಿಯದು. ಗುಡ್ಡದಾಚೆಯ ಬೇರೆ ಕಣಿವೆ ಅದರೊಳಗೆ ಸೇರುತ್ತದೆ; ಅದೇ ಹೊಳೆಯ ಕೆಳಪಾತ್ರ ಹೊರಗುಳಿಯುತ್ತದೆ. ದಾಖಲೆಗಳಾದರೂ ರಸ್ತೆಬದಿಯಲ್ಲಿ, ಪ್ರವಾಸಿ ತಾಣಗಳಲ್ಲಿ ದಟ್ಟವಾಗಿ, ದುರ್ಗಮ ಕಾನುಗಳಲ್ಲಿ ವಿರಳವಾಗಿರುತ್ತವೆ.

ಆದುದರಿಂದ ಯೋಜನಾ ವರದಿಗಳು ಯಾವ ಕೋಶವನ್ನು, ಯಾವ ದಿನ, ಎಷ್ಟು ತ್ರಿಜ್ಯದಲ್ಲಿ ಶೋಧಿಸಲಾಯಿತೆಂದು ತಿಳಿಸಲೇಬೇಕು. ಋತುಮಾನಕ್ಕೆ ತಕ್ಕ ಕ್ಷೇತ್ರ ಸಮೀಕ್ಷೆಯಿಲ್ಲದೆ ಶೂನ್ಯ ಫಲಿತಾಂಶವನ್ನು ಸಾಕ್ಷ್ಯವೆಂದು ಒಪ್ಪಬಾರದು.

ಇದರಲ್ಲಿ ಊರಿನವರ ಹೊಣೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿ ಕಪಾಟಿನಲ್ಲಿ ಧೂಳು ತಿನ್ನಬಾರದು. ಸ್ಥಳ, ದಿನಾಂಕ, ಚಿತ್ರ, ಊರಿನ ಹೆಸರುಗಳೊಂದಿಗೆ ಅದು ವರ್ಷವರ್ಷವೂ ಬೆಳೆಯಬೇಕು. ಅಪರೂಪದ ಜೀವಿಗಳ ನಿಖರ ನೆಲೆ ಸಮಿತಿಯ ಬಳಿಯೇ ಗೋಪ್ಯವಾಗಿರಲಿ. ಸಾರ್ವಜನಿಕ ಅಹವಾಲಿನ ದಿನ ಊರಿನ ಕೈಯಲ್ಲಿ ಆ ಪುಸ್ತಕವಿದ್ದರೆ, ಕಾನು ಖಾಲಿಯೆಂದು ಹೇಳುವುದು ಯಾರಿಗೂ ಸುಲಭವಾಗದು.